ಪ್ಯಾಚ್ ಕಳಿಸಿ ಮೂರು ತಿಂಗಳಾಯ್ತು, ಸಹಿ ಹಾಕಬೇಕಾದವರು ಯಾರು?

ಒಂದು ಪ್ರಾಜೆಕ್ಟ್‌ನ ಕೋಡ್‌ಗೆ ಕಳಿಸಿದ ಹತ್ತು ಸಾಲಿನ ಸಣ್ಣ ತಿದ್ದುಪಡಿ. ಟೆಸ್ಟ್‌ಗಳೆಲ್ಲ ಪಾಸ್ ಆಗಿವೆ. ಯಾರೋ ಒಬ್ಬರು ಬಂದು 'ಚೆನ್ನಾಗಿದೆ' ಅಂತಲೂ ಬರೆದು ಹೋಗಿದ್ದಾರೆ. ಆದರೂ ಮೂರು ತಿಂಗಳಿಂದ ಮರ್ಜ್ ಆಗಿಲ್ಲ, ಅಂದರೆ ಮುಖ್ಯ ಕೋಡ್‌ಗೆ ಸೇರಿಲ್ಲ. ಯಾಕೆ ಅಂತ ಕೇಳಿದರೆ ಉತ್ತರ ಕೊಡುವವರೂ ಇಲ್ಲ. ಓಪನ್ ಸೋರ್ಸ್‌ನಲ್ಲಿ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್‌ನಲ್ಲಿ, ಸ್ವಲ್ಪ ದಿನ ಕೆಲಸ ಮಾಡಿದವರೆಲ್ಲ ಈ ದೂರು ಹೇಳಿರುತ್ತಾರೆ, ಇಲ್ಲವೇ ಕೇಳಿರುತ್ತಾರೆ.

ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ. ಒಪ್ಪಿಗೆಗಳ ಸಂಖ್ಯೆ ಕಡಿಮೆ ಮಾಡಿ, ಎರಡು ಸಹಿ ಬೇಕಿದ್ದಲ್ಲಿ ಒಂದು ಸಾಕು ಅನ್ನಿ, ಸಣ್ಣ ಬದಲಾವಣೆಗೆ ಸಹಿಯೇ ಬೇಡ ಅನ್ನಿ. ಇದರಿಂದ ದೊಡ್ಡ ಲಾಭವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬಹಳಷ್ಟು ಪ್ರಾಜೆಕ್ಟ್‌ಗಳಲ್ಲಿ ಯಾವ ಸಹಿ ಯಾವ ಪ್ರಶ್ನೆಗೆ ಉತ್ತರ ಅನ್ನುವುದೇ ಸ್ಪಷ್ಟವಾಗಿಲ್ಲ. ತಡ ಹುಟ್ಟುವುದು ಅಲ್ಲಿ.

ಮೊದಲು ಸಮಯ ಎಲ್ಲಿ ಹೋಗುತ್ತದೆ ನೋಡೋಣ. ಗೂಗಲ್ ಕಂಪನಿಯ ಒಳಗೆ ಕೋಡ್ ರಿವ್ಯೂ (ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಪರಿಶೀಲಿಸುವುದು) ಹೇಗೆ ನಡೆಯುತ್ತದೆ ಅಂತ 2018ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರ ಪ್ರಕಾರ ಒಂದು ಬದಲಾವಣೆಯ ಮಧ್ಯಮ ಗಾತ್ರ 24 ಸಾಲು. ಇಡೀ ರಿವ್ಯೂ ಮುಗಿಯಲು ಹಿಡಿಯುವ ಮಧ್ಯಮ ಸಮಯ 4 ಗಂಟೆಗಿಂತ ಕಡಿಮೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಬದಲಾವಣೆಗಳನ್ನು ನೋಡುವುದು ಒಬ್ಬರೇ ರಿವ್ಯೂವರ್. ಅಂದರೆ ಓದುವ ಕೆಲಸ ಅಷ್ಟೇನೂ ದೊಡ್ಡದಲ್ಲ. ಅಲ್ಲಿ ರಿವ್ಯೂ ಮಾಡುವುದೂ ಸಂಬಳದ ಕೆಲಸವೇ. ಓಪನ್ ಸೋರ್ಸ್‌ನಲ್ಲಿ ಅದೇ 24 ಸಾಲು ವಾರಗಟ್ಟಲೆ ಬಿದ್ದಿರುತ್ತದೆ. ಯಾಕೆಂದರೆ ನೋಡಬೇಕಾದವರು ಊಟ ಆದ ಮೇಲೆ, ಮಕ್ಕಳು ಮಲಗಿದ ಮೇಲೆ, ಭಾನುವಾರ ಬಿಡುವಾದರೆ ನೋಡುತ್ತಾರೆ. ಓದಲು ಹಿಡಿಯುವುದು ಹತ್ತು ನಿಮಿಷ. ಉಳಿದದ್ದೆಲ್ಲ ಸರದಿಯಲ್ಲಿ ಕಾಯುವ ಸಮಯ.

ಬೆಂಗಳೂರಿನಿಂದ ಕೆಲಸ ಮಾಡುವವರಿಗೆ ಇದರ ಜೊತೆ ಗಡಿಯಾರದ ತಾಪತ್ರಯವೂ ಇದೆ. ನಮಗೂ ಕ್ಯಾಲಿಫೋರ್ನಿಯಾಗೂ ಬೇಸಿಗೆಯಲ್ಲಿ 12.5 ಗಂಟೆ, ಚಳಿಗಾಲದಲ್ಲಿ 13.5 ಗಂಟೆ ಅಂತರ. ಜೂನ್‌ನಲ್ಲಿ ಇಲ್ಲಿ ಬೆಳಿಗ್ಗೆ 10ಕ್ಕೆ ಪ್ಯಾಚ್ ಕಳಿಸಿದರೆ ಅಲ್ಲಿ ಹಿಂದಿನ ದಿನದ ರಾತ್ರಿ 9.30. ಅವರು ಮರುದಿನ ಬೆಳಿಗ್ಗೆ 10ಕ್ಕೆ ನೋಡಿ 'ಈ ಹೆಸರು ಬದಲಿಸಿ' ಅಂತ ಬರೆಯುವಾಗ ಇಲ್ಲಿ ರಾತ್ರಿ 10.30. ನಾವು ನೋಡುವುದು ಮಾರನೇ ದಿನ. ಹೀಗೆ ಒಂದೊಂದು ಸಣ್ಣ ಮಾತಿಗೂ ಒಂದೊಂದು ದಿನ. ನಾಲ್ಕು ಸುತ್ತು ನಡೆದರೆ ವಾರವೇ ಹೋಯಿತು. ಗೂಗಲ್ ತನ್ನ ಎಂಜಿನಿಯರ್‌ಗಳಿಗಾಗಿ ಬರೆದು, ಎಲ್ಲರಿಗೂ ತೆರೆದಿಟ್ಟಿರುವ ರಿವ್ಯೂ ಮಾರ್ಗದರ್ಶಿಯಲ್ಲಿ ಇದಕ್ಕೊಂದು ಉಪಾಯವಿದೆ. ಉಳಿದಿರುವುದು ಸಣ್ಣಪುಟ್ಟ ತಿದ್ದುಪಡಿ ಮಾತ್ರ ಅಂದರೆ, ಟಿಪ್ಪಣಿ ಬರೆದು ಒಪ್ಪಿಗೆಯನ್ನೂ ಆಗಲೇ ಕೊಟ್ಟುಬಿಡಿ. ಬರೆದವರು ಸರಿ ಮಾಡಿ ಹಾಕಿಕೊಳ್ಳುತ್ತಾರೆ ಅಂತ ನಂಬಿ. ಇಬ್ಬರೂ ಬೇರೆ ಬೇರೆ ಟೈಮ್ ಝೋನ್‌ನಲ್ಲಿದ್ದರೆ ಇದು ಇನ್ನೂ ಒಳ್ಳೆಯದು ಅಂತ ಆ ಮಾರ್ಗದರ್ಶಿಯೇ ಹೇಳುತ್ತದೆ. ಒಂದು ಸಹಿಯೂ ಕಡಿಮೆಯಾಗದೆ ಒಂದು ದಿನ ಉಳಿಯಿತು ನೋಡಿ.

ಒಂದೇ ಸಹಿಯಲ್ಲಿ ಐದು ಪ್ರಶ್ನೆ

ಒಂದು ಪುಲ್ ರಿಕ್ವೆಸ್ಟ್‌ಗೆ, ಅಂದರೆ ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗೆ, 'ಸರಿ' ಅನ್ನುವಾಗ ನಾವು ನಿಜವಾಗಿ ಏನಕ್ಕೆ ಸರಿ ಅನ್ನುತ್ತಿದ್ದೇವೆ? ಈ ಕೋಡ್ ಕೊಡಲು ಬರೆದವರಿಗೆ ಹಕ್ಕಿದೆಯೇ? ಕೋಡ್ ತಪ್ಪಿಲ್ಲದೆ ಇದೆಯೇ? ಈ ಸೌಲಭ್ಯ ನಮ್ಮ ಪ್ರಾಜೆಕ್ಟ್‌ಗೆ ಬೇಕೇ? ಉಳಿದ ಕೋಡ್ ಜೊತೆ ಸೇರಿದಾಗ ಏನೂ ಮುರಿಯುವುದಿಲ್ಲ ತಾನೇ? ನಾಳೆ ತೊಂದರೆಯಾದರೆ ನೋಡಿಕೊಳ್ಳುವವರು ಯಾರು? ಇಷ್ಟಕ್ಕೂ ಒಂದೇ ಹಸಿರು ಬಟನ್ ಇಟ್ಟರೆ ಅದನ್ನು ಒತ್ತಲು ಯಾರಿಗೂ ಧೈರ್ಯ ಬರುವುದಿಲ್ಲ. ಕೋಡ್ ಸರಿ ಇದೆ ಅಂತ ಗೊತ್ತಿರುವವರಿಗೆ ಅದು ಬೇಕೋ ಬೇಡವೋ ಗೊತ್ತಿರುವುದಿಲ್ಲ. ಬೇಕು ಅಂತ ಹೇಳಬಲ್ಲವರಿಗೆ ಸಾಲು ಸಾಲು ಓದಲು ಸಮಯವಿರುವುದಿಲ್ಲ. ಸರ್ಕಾರಿ ಕಚೇರಿಯ ಕಡತದ ಹಾಗೆ ಪ್ರತಿಯೊಬ್ಬರೂ 'ಪಕ್ಕದ ಟೇಬಲ್‌ನವರು ನೋಡಲಿ' ಅಂತ ಕಾಯುತ್ತಾರೆ.

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬರೆಯುವವರು ಈ ಪ್ರಶ್ನೆಗಳನ್ನು ಬಿಡಿಸಲು ಶುರು ಮಾಡಿದ್ದು ಕೋರ್ಟ್ ಕೇಸಿನ ಬಿಸಿ ತಟ್ಟಿದ ಮೇಲೆ. 2003ರಲ್ಲಿ ಎಸ್‌ಸಿಓ ಎಂಬ ಕಂಪನಿ ಐಬಿಎಂ ಮೇಲೆ ದಾವೆ ಹೂಡಿತು. ತನ್ನ ಯೂನಿಕ್ಸ್ ಕೋಡ್ ಲಿನಕ್ಸ್ ಒಳಗೆ ಸೇರಿದೆ ಅನ್ನುವುದು ಅದರ ವಾದ. ಯಾವ ಸಾಲು ಯಾರಿಂದ, ಯಾವ ದಾರಿಯಲ್ಲಿ ಬಂತು ಅಂತ ತೋರಿಸುವ ಲೆಕ್ಕ ಆಗ ಸರಿಯಾಗಿ ಇರಲಿಲ್ಲ. 2004ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ 'ಸೈನ್ಡ್-ಆಫ್-ಬೈ' ಎಂಬ ಸಾಲನ್ನು ಜಾರಿಗೆ ತಂದರು. ಅದರ ಹಿಂದೆ ಒಂದು ಪುಟದಷ್ಟೂ ಇಲ್ಲದ ಪ್ರಮಾಣಪತ್ರವಿದೆ. ಈ ಕೋಡ್ ನಾನು ಬರೆದದ್ದು, ಅಥವಾ ಇದನ್ನು ಮುಂದೆ ಕೊಡಲು ನನಗೆ ಹಕ್ಕಿದೆ ಅನ್ನುವುದು ಅದರ ಸಾರ. ಬರೆದವರು ಮೊದಲು ಹೆಸರು ಹಾಕುತ್ತಾರೆ. ಅದನ್ನು ತೆಗೆದುಕೊಂಡು ಮೇಲಕ್ಕೆ ಕಳಿಸುವ ಪ್ರತಿ ಮೇಂಟೇನರ್ (ಕೋಡ್ ನೋಡಿಕೊಳ್ಳುವ ಹೊಣೆ ಹೊತ್ತವರು) ಕೆಳಗೆ ತಮ್ಮ ಹೆಸರು ಸೇರಿಸುತ್ತಾರೆ. ಕೋಡ್ ಚೆನ್ನಾಗಿದೆ ಅನ್ನುವ ಭರವಸೆ ಅದರಲ್ಲಿಲ್ಲ.

ಆ ಭರವಸೆಗೆ ಬೇರೆ ಸಾಲುಗಳಿವೆ. ಕೂಲಂಕಷವಾಗಿ ಓದಿದ್ದೇನೆ ಅಂದರೆ 'ರಿವ್ಯೂಡ್-ಬೈ'. ಓಡಿಸಿ ನೋಡಿದ್ದೇನೆ ಅಂದರೆ 'ಟೆಸ್ಟೆಡ್-ಬೈ'. ಪೂರ್ತಿ ಓದಿಲ್ಲ, ಆದರೆ ನನ್ನ ವಿಭಾಗಕ್ಕೆ ಇದು ಬಂದರೆ ತಕರಾರಿಲ್ಲ ಅಂದರೆ 'ಆ್ಯಕ್ಡ್-ಬೈ'. ಈ ಕೊನೆಯದು ನನಗೆ ತುಂಬಾ ಇಷ್ಟ. ಅರ್ಧ ಓದಿದವರು ಅರ್ಧ ಓದಿದ್ದೇನೆ ಅಂತ ಮರ್ಯಾದೆಯಾಗಿ ಹೇಳಲು ಅದು ಜಾಗ ಕೊಡುತ್ತದೆ. ಆ ಜಾಗ ಇಲ್ಲದಿದ್ದರೆ ಎರಡರಲ್ಲಿ ಒಂದಾಗುತ್ತದೆ. ಓದದೆ 'ಸರಿ' ಅನ್ನುತ್ತಾರೆ, ಇಲ್ಲವೇ ಸುಮ್ನೆ ಕೂರುತ್ತಾರೆ. ಪ್ರತಿ 9-10 ವಾರಕ್ಕೊಂದು ಆವೃತ್ತಿ, ಪ್ರತಿ ಆವೃತ್ತಿಯಲ್ಲಿ 10,000ಕ್ಕೂ ಹೆಚ್ಚು ಬದಲಾವಣೆ. ಇಷ್ಟನ್ನು ಕರ್ನಲ್ ಇಮೇಲ್ ಮೂಲಕವೇ ನುಂಗುತ್ತಿದೆ. ಇಮೇಲ್ ಹಳೇ ಕಾಲದ್ದು ಅಂತ ನಗುವವರು ಈ ಲೆಕ್ಕವನ್ನೂ ನೋಡಬೇಕು.

ಸರ್ವರ್‌ಗಳಲ್ಲಿ ಓಡುವ ಸಾಫ್ಟ್‌ವೇರ್ ನಿರ್ವಹಿಸುವ ಕುಬರ್ನೆಟೀಸ್ ಪ್ರಾಜೆಕ್ಟ್ ಇದನ್ನೇ ಬಾಟ್‌ಗಳ (ತಾವಾಗಿಯೇ ಕೆಲಸ ಮಾಡುವ ಪ್ರೋಗ್ರಾಂಗಳ) ಕೈಗೆ ಕೊಟ್ಟಿತು. ಅಲ್ಲಿ ಎರಡು ಒಪ್ಪಿಗೆ ಬೇಕು, ಎರಡರ ಕೆಲಸವೂ ಬೇರೆ. 'ಎಲ್‌ಜಿಟಿಎಂ' (ಲುಕ್ಸ್ ಗುಡ್ ಟು ಮಿ) ಅಂತ ಬರೆದರೆ ಕೋಡ್ ಓದಿದೆ, ಸರಿ ಇದೆ ಅಂತ. 'ಅಪ್ರೂವ್' ಅಂತ ಬರೆದರೆ ಈ ಬದಲಾವಣೆ ಪ್ರಾಜೆಕ್ಟ್‌ಗೆ ಬರಬಹುದು ಅಂತ. ಮೊದಲನೆಯದನ್ನು ಪ್ರಾಜೆಕ್ಟ್‌ನ ಸದಸ್ಯರು ಯಾರು ಬೇಕಾದರೂ ಹೇಳಬಹುದು. ಎರಡನೆಯದಕ್ಕೆ ಆ ಫೋಲ್ಡರ್‌ನ 'ಓನರ್ಸ್' ಫೈಲ್‌ನಲ್ಲಿ ಹೆಸರಿರಬೇಕು. ಯಾರನ್ನು ಕೇಳಬೇಕು ಅಂತ ಹೊಸಬರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಾಟ್ ಬದಲಾದ ಫೈಲ್‌ಗಳನ್ನು ನೋಡಿ, ಎಲ್ಲ ಫೋಲ್ಡರ್‌ಗಳಿಗೂ ಸಾಕಾಗುವಷ್ಟು ಕಡಿಮೆ ಜನರ ಹೆಸರನ್ನು ತಾನೇ ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಒಪ್ಪಿಗೆ ಸಿಕ್ಕ ಮೇಲೆ ಬರೆದವರು ಹೊಸ ಕಮಿಟ್ (ಕೋಡ್‌ನ ಇನ್ನೊಂದು ಬದಲಾವಣೆ) ಸೇರಿಸಿದರೆ ಎಲ್‌ಜಿಟಿಎಂ ತಾನಾಗಿ ಬಿದ್ದುಹೋಗುತ್ತದೆ, ಅಪ್ರೂವ್ ಉಳಿಯುತ್ತದೆ. ಕೋಡ್ ಬದಲಾಯಿತು, ಆದ್ದರಿಂದ ಮತ್ತೆ ಓದಬೇಕು. ಬೇಕೋ ಬೇಡವೋ ಅನ್ನುವ ತೀರ್ಮಾನ ಬದಲಾಗಿಲ್ಲ, ಆದ್ದರಿಂದ ಹಿರಿಯರನ್ನು ಮತ್ತೆ ಎಬ್ಬಿಸುವುದು ಬೇಡ. ಪ್ರಶ್ನೆಗಳನ್ನು ಬೇರೆ ಮಾಡಿದ್ದಕ್ಕೆ ಸಿಕ್ಕ ಫಲ ಇದು.

ಮೌನಕ್ಕೂ ಒಂದು ಗಡುವು

ಉಳಿದ ಕೋಡ್ ಜೊತೆ ಸೇರಿದಾಗ ಏನೂ ಮುರಿಯುವುದಿಲ್ಲ ತಾನೇ ಅನ್ನುವ ಪ್ರಶ್ನೆಯನ್ನು ಮನುಷ್ಯರಿಗೆ ಕೇಳುವುದೇ ತಪ್ಪು. ಇದು ಯಂತ್ರದ ಕೆಲಸ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಾಜೆಕ್ಟ್‌ನಲ್ಲಿ ರಿವ್ಯೂವರ್ 'ಆರ್ ಪ್ಲಸ್' ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಮರ್ಜ್ ಬಟನ್ ಒತ್ತುವುದಿಲ್ಲ. 'ಬಾರ್ಸ್' ಎಂಬ ಬಾಟ್ ಆ ಬದಲಾವಣೆಯನ್ನು ಸರದಿಗೆ ಹಾಕುತ್ತದೆ. ಮುಖ್ಯ ಕೋಡ್‌ನ ಈ ಕ್ಷಣದ ಸ್ಥಿತಿಯ ಜೊತೆ ಸೇರಿಸಿ ಎಲ್ಲ ಟೆಸ್ಟ್ ಓಡಿಸುತ್ತದೆ. ಪಾಸಾದರೆ ಮಾತ್ರ ಒಳಗೆ ಬಿಡುತ್ತದೆ. ಬೇರೆ ಬೇರೆಯಾಗಿ ಪಾಸಾದ ಎರಡು ಪುಲ್ ರಿಕ್ವೆಸ್ಟ್‌ಗಳು ಸೇರಿದಾಗ ಜಗಳವಾಡುವುದುಂಟು, ಅಲ್ವಾ? ಒಂದು ಕಡೆ ಫಂಕ್ಷನ್‌ನ ಹೆಸರು ಬದಲಾಗಿರುತ್ತದೆ, ಇನ್ನೊಂದು ಕಡೆ ಹಳೇ ಹೆಸರಲ್ಲೇ ಕರೆದಿರುತ್ತಾರೆ. ಇಂಥದ್ದು ಇಲ್ಲಿ ಸಿಕ್ಕಿಬೀಳುತ್ತದೆ. ಪೂರ್ತಿ ಟೆಸ್ಟ್‌ಗೆ ಗಂಟೆಗಟ್ಟಲೆ ಹಿಡಿಯುವುದರಿಂದ ಅಪಾಯವಿಲ್ಲದ ಸಣ್ಣ ಬದಲಾವಣೆಗಳನ್ನು ಒಂದೇ ಕಂತೆ ಮಾಡಿ ಕಳಿಸುವ ಪದ್ಧತಿಯೂ ಇದೆ. ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ಸಾಫ್ಟ್‌ವೇರ್‌ನವರ 'ಝೂಲ್' ಇದೇ ಜಾತಿಯದ್ದು. ಕೋಡ್ ಇಡುವ ತಾಣವಾದ ಗಿಟ್‌ಹಬ್ ತನ್ನ 'ಮರ್ಜ್ ಕ್ಯೂ' ಅನ್ನು ಎಲ್ಲರಿಗೂ ಬಿಡುಗಡೆ ಮಾಡಿದ್ದು 2023ರಲ್ಲಿ. ಅಷ್ಟು ಹೊತ್ತಿಗೆ ದೊಡ್ಡ ಪ್ರಾಜೆಕ್ಟ್‌ಗಳು ತಮ್ಮ ದಾರಿ ತಾವೇ ಕಂಡುಕೊಂಡಿದ್ದವು.

ರಸ್ಟ್‌ನಿಂದ ಕಲಿಯಬೇಕಾದ ಇನ್ನೊಂದು ವಿಷಯ ದೊಡ್ಡ ತೀರ್ಮಾನಗಳ ಬಗ್ಗೆ. ಭಾಷೆಗೇ ಹೊಸ ಸೌಲಭ್ಯ ಸೇರಿಸಬೇಕು ಅಂದರೆ ಸಂಬಂಧಪಟ್ಟ ತಂಡದ ಎಲ್ಲರ ಹೆಸರಿನ ಮುಂದೆ ಒಂದೊಂದು ಚೌಕ ಮೂಡುತ್ತದೆ. ಎಲ್ಲರೂ ಟಿಕ್ ಮಾಡಲೇಬೇಕು ಅಂದಿದ್ದರೆ ರಜೆಯ ಮೇಲೆ ಹೋದ ಒಬ್ಬರಿಂದ ಎಲ್ಲವೂ ನಿಲ್ಲುತ್ತಿತ್ತು. ಆದ್ದರಿಂದ ನಿಯಮ ಹೀಗಿದೆ: ಇಬ್ಬರನ್ನು ಬಿಟ್ಟು ಉಳಿದವರು ಟಿಕ್ ಮಾಡಿರಬೇಕು, ಯಾರದೂ ಬಗೆಹರಿಯದ ಆಕ್ಷೇಪ ಇರಬಾರದು. ಆಮೇಲೆ 10 ದಿನದ ಕೊನೆಯ ಗಡುವು ಶುರು. ಆ ಹೊತ್ತಿನಲ್ಲಿ ಹೊಸ ಆಕ್ಷೇಪ ಬರದಿದ್ದರೆ ತೀರ್ಮಾನ ಆಯಿತು. ಅನೇಕ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ ಮನೆಯಾದ ಅಪಾಚೆ ಫೌಂಡೇಶನ್‌ನಲ್ಲಿ ಇದರ ಹಳೆಯ, ಸರಳ ರೂಪ ಇದೆ. ಹೀಗೆ ಮಾಡುತ್ತೇನೆ ಅಂತ ಹೇಳಿ, 72 ಗಂಟೆ ಕಾಯಿರಿ, ಯಾರೂ ಬೇಡ ಅನ್ನದಿದ್ದರೆ ಮಾಡಿ. ಮೂರು ದಿನ ಯಾಕೆಂದರೆ ವಾರಾಂತ್ಯ ಬಂದರೂ, ಭೂಮಿಯ ಯಾವ ಮೂಲೆಯಲ್ಲಿದ್ದರೂ, ನೋಡಲು ಅವಕಾಶ ಸಿಗಲಿ ಅಂತ.

ಬೇಗ ಮುಗಿಸಲು ನಿಜವಾಗಿ ಉಪಯೋಗಕ್ಕೆ ಬರುವ ಸಾಧನ ಅಂದರೆ ಇದೇ ಅಂತ ನನಗನ್ನಿಸುತ್ತದೆ. ಮೌನಕ್ಕೆ ಅರ್ಥ ಕೊಡುವುದು. ಬಹುಪಾಲು ಕಡೆ ಮೌನ ಅಂದರೆ 'ಇನ್ನೂ ಇಲ್ಲ' ಅಂತ, ಅದೂ ಕೊನೆಯಿಲ್ಲದೆ. ಕೆಲವು ಕಡೆ ಇದಕ್ಕೆ ತದ್ವಿರುದ್ಧವಾದ ಬಾಟ್ ಹಾಕಿರುತ್ತಾರೆ. 60 ದಿನ ಯಾರೂ ಮಾತಾಡದಿದ್ದರೆ ಅದು ಪುಲ್ ರಿಕ್ವೆಸ್ಟ್ ಅನ್ನೇ ಮುಚ್ಚಿಬಿಡುತ್ತದೆ. ಇದನ್ನು ಸರಳೀಕರಣ ಅನ್ನುವುದು ಹೇಗೆ? ನೋಡದೇ ಇದ್ದದ್ದು ಮೇಂಟೇನರ್, ಶಿಕ್ಷೆ ಬರೆದವರಿಗೆ. ಪಟ್ಟಿ ಚಿಕ್ಕದಾಗುತ್ತದೆ, ಅಷ್ಟೇ. 'ಇದು ನಮಗೆ ಬೇಡ, ಕಾರಣ ಇಂಥದ್ದು' ಅಂತ ಎರಡನೇ ದಿನವೇ ಒಬ್ಬರು ಬರೆದರೆ ಅದು ಎಷ್ಟೋ ವಾಸಿ.

ಅವಸರ ಮಾಡಿದಾಗ ಆದದ್ದು

ಇಂಟರ್ನೆಟ್ ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್‌ನ ಹಾರ್ಟ್‌ಬ್ಲೀಡ್ ದೋಷದ ಕಥೆ ಹಳೆಯದು, ಆದರೆ ಸಹಿಯ ಕೋನದಿಂದ ನೋಡುವುದು ಕಡಿಮೆ. ಆ ಕೋಡ್ ಒಳಗೆ ಬಂದದ್ದು 2011ರ ಡಿಸೆಂಬರ್ 31ರಂದು. ಬೇರೆಯವರು ಬರೆದುಕೊಟ್ಟದ್ದನ್ನು ತಂಡದ ಒಬ್ಬರು ನೋಡಿ ಸೇರಿಸಿದ್ದರು. ಸಂದೇಶ ಕಳಿಸಿದ ಕಂಪ್ಯೂಟರ್ ಹೇಳಿದ ಉದ್ದ ನಿಜವೇ ಅಂತ ಪರೀಕ್ಷಿಸುವುದು ಬಿಟ್ಟುಹೋಗಿತ್ತು. ಇಬ್ಬರ ಕಣ್ಣಿಗೂ ಅದು ಬೀಳಲಿಲ್ಲ. ಬಯಲಾದದ್ದು 2014ರ ಏಪ್ರಿಲ್ 7ಕ್ಕೆ. ಅದಾದ ಮೇಲೆ ಓಪನ್‌ಎಸ್‌ಎಸ್‌ಎಲ್ ತನ್ನ ಪದ್ಧತಿಯನ್ನು ಬಿಗಿ ಮಾಡಿತು. ಈಗ ಇಬ್ಬರ ಒಪ್ಪಿಗೆ ಬೇಕು. ಅಷ್ಟೇ ಅಲ್ಲ, ಎರಡನೇ ಒಪ್ಪಿಗೆ ಸಿಕ್ಕಿದ ಮೇಲೂ 24 ಗಂಟೆ ಕಾಯಬೇಕು. ಬೇರೆಯವರಿಗೆ ಏನಾದರೂ ಹೊಳೆದರೆ ಹೇಳಲಿ ಅಂತ. ಇದರಲ್ಲಿ ಒಂದು ಜಾಣತನವಿದೆ. ಒಂದು ದಿನ ಅಂತ ಗೊತ್ತಿದ್ದರೆ ಯಾರೂ ಗೊಣಗುವುದಿಲ್ಲ. ಎಷ್ಟು ದಿನ ಅಂತ ಗೊತ್ತಿಲ್ಲದೆ ಕಾಯುವುದು ಕಷ್ಟ.

ಎಕ್ಸ್‌ಝೆಡ್ ಪ್ರಕರಣದಲ್ಲಿ ಈ ತಡದ ದೂರೇ ಆಯುಧವಾಯಿತು. ಫೈಲ್‌ಗಳನ್ನು ಕುಗ್ಗಿಸುವ ಸಣ್ಣ ಲೈಬ್ರರಿ ಅದು. ಒಬ್ಬರೇ ಮೇಂಟೇನರ್ ಬಿಡುವಿನ ಸಮಯದಲ್ಲಿ ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದರು. 2022ರಲ್ಲಿ ಒಂದಷ್ಟು ಹೆಸರುಗಳು ಕಾಣಿಸಿಕೊಂಡು ಒತ್ತಡ ಹಾಕತೊಡಗಿದವು. ಪ್ಯಾಚ್‌ಗಳು ಕೊಳೆಯುತ್ತಿವೆ, ನಿಮಗೆ ಆಸಕ್ತಿ ಹೋಗಿದೆ, ಬೇರೆಯವರಿಗೆ ಅಧಿಕಾರ ಕೊಡಿ ಅಂತ. ಆ ಮೇಂಟೇನರ್ ತನ್ನ ಮಾನಸಿಕ ಆರೋಗ್ಯದ ತೊಂದರೆಯನ್ನೂ ಹೇಳಿಕೊಂಡರು. ಆಗಲೇ ಒಳ್ಳೆಯ ಪ್ಯಾಚ್‌ಗಳನ್ನು ಕಳಿಸುತ್ತಿದ್ದ 'ಜಿಯಾ ಟಾನ್' ಎಂಬ ಹೆಸರಿನವರಿಗೆ ಕ್ರಮೇಣ ಅಧಿಕಾರ ಸಿಕ್ಕಿತು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸೇರಿತ್ತು. ಮಾರ್ಚ್ 29ರಂದು ಅದನ್ನು ಬಯಲಿಗೆ ತಂದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್ ಒಳಗೆ ಹೋಗುವ ದಾರಿ) ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಯಾಕೆ ಅಂತ ಅವರು ಬೆನ್ನು ಹತ್ತಿದ್ದರು.

ಈ ಕಥೆಯಲ್ಲಿ ನಮ್ಮ ವಿಷಯಕ್ಕೆ ಬೇಕಾದದ್ದು ಎರಡು. ಮೊದಲನೆಯದು, ಸಹಿ ಹಾಕುವವರ ಸಂಖ್ಯೆ ಹೆಚ್ಚಿಸಿ ಅನ್ನುವ ಒಳ್ಳೆಯ ಸಲಹೆ ಕೂಡ ಒತ್ತಡದಲ್ಲಿ ಬಂದರೆ ಅಪಾಯ. ಎರಡನೆಯದು ಇನ್ನೂ ಮುಖ್ಯ. ಕಳ್ಳಬಾಗಿಲನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ (ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಸೂಚನೆ) ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಗೆ ಅಂತ ತಯಾರಿಸಿದ ಟಾರ್ ಫೈಲ್‌ನಲ್ಲಿ ಮಾತ್ರ ಇತ್ತು. ಅದರ ಸರಕನ್ನು ಟೆಸ್ಟ್‌ಗೆ ಬೇಕಾದ ಫೈಲ್‌ಗಳ ವೇಷದಲ್ಲಿ ಗಿಟ್ ಒಳಗೆ ಬಚ್ಚಿಟ್ಟಿದ್ದರು. ಪ್ರತಿ ಕಮಿಟ್‌ಗೆ ಹತ್ತು ಜನ ಸಹಿ ಹಾಕಿದ್ದರೂ ಆ ಸ್ಕ್ರಿಪ್ಟ್ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಜನ ಬಳಸುವ ಫೈಲ್ ಯಾವುದೋ ಅದಕ್ಕೇ ಸಹಿ ಬೀಳುತ್ತಿದೆಯೇ ಅನ್ನುವ ಪ್ರಶ್ನೆಯನ್ನು ಈಗಲೂ ಬಹಳಷ್ಟು ಪ್ರಾಜೆಕ್ಟ್‌ಗಳು ಕೇಳಿಕೊಂಡಿಲ್ಲ.

ಬರೆಯುವುದು ಸುಲಭ, ಓದುವುದು ಅಲ್ಲ

ಈಗ ಈ ವಿಷಯ ಮತ್ತೆ ಮುನ್ನೆಲೆಗೆ ಬಂದಿರುವುದು ಎಐ ಕಾರಣಕ್ಕೆ. ಪ್ಯಾಚ್ ತಯಾರಿಸಲು ಐದು ನಿಮಿಷ ಸಾಕು. ಅದನ್ನು ಓದುವವರ ಸಮಯ ಮಾತ್ರ ಹಿಂದಿನಷ್ಟೇ ಇದೆ. ನಿಜ ಹೇಳಬೇಕೆಂದರೆ ಈ ಅಸಮತೋಲನದ ಒಂದು ರುಚಿಯನ್ನು ಎಐಗಿಂತ ಮೊದಲೇ ನಮ್ಮ ದೇಶದವರೂ ತೋರಿಸಿದ್ದರು. 2020ರ ಅಕ್ಟೋಬರ್‌ನ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀ ಶರ್ಟ್ ಸಿಗುತ್ತದೆ ಅಂತ ಎಷ್ಟೋ ಜನ ಯಾರ್ಯಾರದೋ ಪ್ರಾಜೆಕ್ಟ್‌ನ ಪರಿಚಯ ಹೇಳುವ ರೀಡ್‌ಮಿ ಫೈಲ್‌ಗೆ ಒಂದೆರಡು ಪದ ಸೇರಿಸಿ ಕಳಿಸಿದರು. ಹೇಗೆ ಕಳಿಸಬೇಕು ಅಂತ ತೋರಿಸಿದ ಭಾರತದ ಒಂದು ಯೂಟ್ಯೂಬ್ ಪಾಠದ ಪಾಲು ಅದರಲ್ಲಿ ದೊಡ್ಡದಿತ್ತು. ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಿ, ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಮಾಡಬೇಕಾಯಿತು. 2024ರ ಆರಂಭದಲ್ಲಿ, ವೆಬ್ ಸರ್ವರ್ ಬರೆಯಲು ಬಳಸುವ ಎಕ್ಸ್‌ಪ್ರೆಸ್ ಪ್ರಾಜೆಕ್ಟ್‌ಗೂ ಇದೇ ಗತಿ. ಮತ್ತೆ ರೀಡ್‌ಮಿಗೆ ಸ್ವಂತ ಹೆಸರು ಸೇರಿಸುವ ಪುಲ್ ರಿಕ್ವೆಸ್ಟ್‌ಗಳ ಮಳೆ. ಕಲಿಯುವ ಹುಡುಗರನ್ನು ಬೈಯುವುದಕ್ಕಿಂತ ಬೇರೆಯವರ ಪ್ರಾಜೆಕ್ಟ್ ಅನ್ನು ಅಭ್ಯಾಸದ ಪುಸ್ತಕ ಮಾಡಿಸಿದ ಮೇಷ್ಟ್ರುಗಳನ್ನು ಕೇಳಬೇಕು.

ಎಐ ಪ್ಯಾಚ್‌ಗಳಿಗೆ ಪ್ರಾಜೆಕ್ಟ್‌ಗಳು ಕೊಡುತ್ತಿರುವ ಉತ್ತರ ಕುತೂಹಲದ್ದು. ಲಿನಕ್ಸ್‌ನ ಒಂದು ರೂಪವಾದ ಜೆಂಟೂ 2024ರಲ್ಲಿ, ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ಕ್ಯೂಇಎಂಯು 2025ರಲ್ಲಿ ಬೇಡವೇ ಬೇಡ ಅಂದವು. ಕ್ಯೂಇಎಂಯು ಕೊಟ್ಟ ಕಾರಣ ನೋಡಿ. ಯಂತ್ರ ಬರೆದ ಕೋಡ್‌ನ ಮೂಲ ಗೊತ್ತಿಲ್ಲ, ಹಾಗಿದ್ದಾಗ ಅದನ್ನು ಕೊಡಲು ನನಗೆ ಹಕ್ಕಿದೆ ಅಂತ ಒಬ್ಬರು ಸಹಿ ಹಾಕುವುದು ಹೇಗೆ? ಇಪ್ಪತ್ತು ವರ್ಷದ ಹಿಂದೆ ಎಸ್‌ಸಿಓ ಭಯಕ್ಕೆ ಹುಟ್ಟಿದ ಸಾಲು ಇಲ್ಲಿ ಕೆಲಸಕ್ಕೆ ಬಂತು. ಲಿನಕ್ಸ್ ಕರ್ನಲ್ ನಿಷೇಧದ ದಾರಿ ಹಿಡಿದಿಲ್ಲ. ಉಪಕರಣ ಬಳಸಿ, ಬಳಸಿದ್ದನ್ನು ಬೇರೆ ಸಾಲಿನಲ್ಲಿ ಹೇಳಿ, ಸೈನ್ಡ್-ಆಫ್-ಬೈ ಮಾತ್ರ ಮನುಷ್ಯರೇ ಹಾಕಬೇಕು ಅನ್ನುತ್ತದೆ ಅದರ ನಿಯಮ. ನನ್ನ ಒಲವು ಈ ಕಡೆಗೆ. ನಿಷೇಧ ಹಾಕಿದರೆ ಸುಳ್ಳು ಹೇಳುವವರು ಒಳಗೆ ಬರುತ್ತಾರೆ, ನಿಜ ಹೇಳುವವರು ಹೊರಗೆ ಉಳಿಯುತ್ತಾರೆ.

ಎಐ ಬಾಟ್‌ನಿಂದಲೇ ರಿವ್ಯೂ ಮಾಡಿಸಿ ಅದರ ಒಪ್ಪಿಗೆಯನ್ನು ಒಂದು ಸಹಿ ಅಂತ ಲೆಕ್ಕ ಹಾಕೋಣ ಅನ್ನುವವರೂ ಇದ್ದಾರೆ. ಟೈಪೋ ಹುಡುಕಲು, ಬಿಟ್ಟುಹೋದ ಪರೀಕ್ಷೆಯನ್ನು ಎತ್ತಿ ತೋರಿಸಲು ಬಾಟ್ ಒಳ್ಳೆಯದು. ಮನುಷ್ಯ ಓದುವುದಕ್ಕೆ ಮೊದಲೇ ಅದು ಓದಿ, ಸುತ್ತುಗಳನ್ನು ಕಡಿಮೆ ಮಾಡಲಿ. ಆದರೆ ನಾಳೆ ತೊಂದರೆಯಾದರೆ ನೋಡಿಕೊಳ್ಳುವವರು ಯಾರು ಅನ್ನುವುದಕ್ಕೆ ಬಾಟ್‌ನ ಹೆಸರು ಉತ್ತರವಾಗುವುದಿಲ್ಲ.

ಎಲ್ಲ ಕೆಲಸಕ್ಕೂ ಮೊದಲೇ ಸಹಿ ಬೇಕು ಅಂತಲೂ ಇಲ್ಲ. ಕನ್ನಡ ಅನುವಾದದಲ್ಲೇ ಎರಡು ದಾರಿಗಳನ್ನು ನೋಡಬಹುದು. ಮೊಝಿಲ್ಲಾದ ಅನುವಾದ ತಾಣವಾದ ಪಾಂಟೂನ್‌ನಲ್ಲಿ ಹೊಸಬರು ಬರೆದ ಸಾಲು ಬರೀ ಸಲಹೆ. ಅಧಿಕಾರ ಇರುವವರು ಒಪ್ಪಿದರೆ ಮಾತ್ರ ಫೈರ್‌ಫಾಕ್ಸ್ ಸೇರುತ್ತದೆ. ವಿಕಿಪೀಡಿಯ ಓಡುವ ಸಾಫ್ಟ್‌ವೇರ್ ಆದ ಮೀಡಿಯಾವಿಕಿಯ ಕನ್ನಡ ಸಾಲುಗಳು ಬರುವ ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಲೆಕ್ಕ ಬೇರೆ. ಹೊಸಬರು ಮೊದಲು ಒಂದಷ್ಟು ಸಾಲು ಅನುವಾದಿಸಿ ತೋರಿಸಬೇಕು. ಒಪ್ಪಿಗೆಯಾದರೆ ಆಮೇಲೆ ಬರೆದದ್ದು ನೇರವಾಗಿ ಹೋಗುತ್ತದೆ, ತಪ್ಪಿದ್ದರೆ ಬೇರೆಯವರು ತಿದ್ದುತ್ತಾರೆ. ಒಂದು ಕಡೆ ಸಾಲಿಗೆ ಸಹಿ, ಇನ್ನೊಂದು ಕಡೆ ವ್ಯಕ್ತಿಗೆ. ನೋಡುವವರೇ ಇಬ್ಬರು ಮೂವರು ಇರುವ ನಮ್ಮಂಥ ಭಾಷೆಗೆ ಎರಡನೆಯದೇ ಸರಿಹೋಗುತ್ತದೆ. ಅನುವಾದದ ತಪ್ಪಿನಿಂದ ಯಾರ ಸರ್ವರ್ ಕೂಡ ಕಳುವಾಗುವುದಿಲ್ಲ. ಅಪಾಚೆಯ ಕೆಲವು ಪ್ರಾಜೆಕ್ಟ್‌ಗಳು ಕೋಡ್‌ಗೂ ಇದನ್ನೇ ಮಾಡುತ್ತವೆ. ಅಧಿಕಾರ ಇರುವವರು ಮೊದಲು ಸೇರಿಸುತ್ತಾರೆ, ರಿವ್ಯೂ ಆಮೇಲೆ.

ಸಣ್ಣ ಪ್ರಾಜೆಕ್ಟ್ ನಡೆಸುವವರು ನಾಳೆಯೇ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಯಾವ ಬಾಟೂ ಬೇಡ. ಓನರ್ಸ್ ಪಟ್ಟಿಯನ್ನು ತೆರೆದು ನೋಡುವುದು. ಕೆಲಸ ಬಿಟ್ಟು ವರ್ಷಗಳಾದವರ ಹೆಸರು ಅಲ್ಲಿ ಹಾಗೇ ಇರುತ್ತದೆ, ಬಾಟ್ ಅವರಿಗೇ ಪುಲ್ ರಿಕ್ವೆಸ್ಟ್ ಹಂಚುತ್ತಿರುತ್ತದೆ. ತೆಗೆದರೆ ಬೇಜಾರಾದೀತು ಅಂತ ಯಾರೂ ಮುಟ್ಟುವುದಿಲ್ಲ. ಕುಬರ್ನೆಟೀಸ್ ಇದಕ್ಕಾಗಿಯೇ ನಿವೃತ್ತ ಒಪ್ಪಿಗೆದಾರರು ಅಂತ ಪ್ರತ್ಯೇಕ ಪಟ್ಟಿ ಇಟ್ಟಿದೆ. ಅವರ ಗೌರವ ಉಳಿಯುತ್ತದೆ, ಹೊಸ ಪುಲ್ ರಿಕ್ವೆಸ್ಟ್‌ಗಳು ಮಾತ್ರ ಅವರ ಬಳಿ ಹೋಗುವುದಿಲ್ಲ. ಲಿನಕ್ಸ್‌ನ ಮೇಂಟೇನರ್ಸ್ ಫೈಲ್ ಇನ್ನೂ ನೇರ. ಪ್ರತಿ ವಿಭಾಗದ ಮುಂದೆ ಅದರ ಸ್ಥಿತಿ ಬರೆದಿರುತ್ತದೆ. ಸಂಬಳ ಪಡೆದು ನೋಡಿಕೊಳ್ಳುವವರಿದ್ದಾರೆ, ನೋಡಿಕೊಳ್ಳುವವರಿದ್ದಾರೆ, ಅಪರೂಪಕ್ಕೊಮ್ಮೆ ತಿದ್ದುವವರಿದ್ದಾರೆ, ಅನಾಥ. 'ಅನಾಥ' ಅಂತ ಬರೆದಿರುವುದನ್ನು ಓದಿದವರು ಮೂರು ತಿಂಗಳು ಕಾಯುವುದಿಲ್ಲ. ಬೇರೆ ದಾರಿ ಹುಡುಕುತ್ತಾರೆ, ಇಲ್ಲವೇ ಆ ವಿಭಾಗವನ್ನು ತಾವೇ ವಹಿಸಿಕೊಳ್ಳಲು ಮುಂದೆ ಬರುತ್ತಾರೆ.